ನಾನೊಬ್ಬನೇ ನೂರು ಜನ ಆದ ದಿನ

ಒಂದು ದಿನ ನಾನೊಬ್ಬನೇ ನೂರು ಜನ ಆಗಿದ್ದೆ. ನಂಬುವುದಿಲ್ಲವೇ? ನಂಬಬೇಡಿ, ನನಗೇನು! ಎಪ್ಪತ್ತೆರಡು ವರ್ಷ ಇಡೀ ಊರಿಗೆ ಟೋಪಿ ಹಾಕಿಕೊಂಡು ಬಂದವನು ನಾನು. ಆದರೂ ಇದು ನಡೆದದ್ದೇ.

ಎರಡು ವರ್ಷದ ಹಿಂದೆ, ಅವರೆಕಾಯಿ ಕಾಲ. ನಮ್ಮೂರು ಚಿಂತಾಮಣಿ–ಶಿಡ್ಲಘಟ್ಟ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಬೆಳಿಗ್ಗೆ ಏಳಕ್ಕೆ ಚಿಕ್ಕಬಳ್ಳಾಪುರದ ಬಸ್ಸೊಂದು ಊರೊಳಗೆ ಬಂದು, ನಮ್ಮನ್ನು ಹತ್ತಿಸಿಕೊಂಡು ಮತ್ತೆ ದೊಡ್ಡ ರಸ್ತೆಗೆ ಹೋಗುತ್ತಿತ್ತು. ಆವತ್ತು ನಾವು ನಾಲ್ಕು ಜನ ಮುದುಕರು ಟೀ ಅಂಗಡಿ ಮುಂದೆ ಕೂತಿದ್ದೆವು. ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗಿ ಬಂದಳು. ಜನ ಯಾವ ದಾರಿಯಲ್ಲಿ, ಯಾವ ಗಾಡಿಯಲ್ಲಿ ಓಡಾಡುತ್ತಾರೆ ಎಂದು ಸರ್ವೆ ಮಾಡುತ್ತಿದ್ದಳು.

“ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ನಿಮಿಷ ತಾತ?”

“ಹೆಂಡ್ತಿ ಬೈದ್ರೆ ಎರಡು, ಬೈದೇ ಇದ್ರೆ ಹತ್ತು ಕಣಮ್ಮ.”

ನಕ್ಕು, ಹತ್ತು ಎಂದು ಒತ್ತಿದಳು.

“ಈ ನಾಲ್ಕು ಮುದುಕರ ಮಾತು ತಗೊಂಡು ಏನ್ಮಾಡ್ತೀಯಮ್ಮ?”

“ಎಲ್ರನ್ನೂ ಕೇಳಕ್ಕಾಗಲ್ಲ ತಾತ. ನೀವೊಬ್ರು ಹೇಳಿದ್ರೆ ನಿಮ್ಮಂಥ ನೂರು ಜನ ಹೇಳ್ದಂಗೆ ಕಂಪ್ಯೂಟರ್ ತಗೊಳ್ಳುತ್ತೆ. ಆಮೇಲೆ ಯಾರು ಬಸ್ಸು ಹತ್ತುತಾರೆ, ಯಾರು ರೈಲು ಹತ್ತುತಾರೆ ಅಂತ ಗಣಿತದಲ್ಲಿ ಲೆಕ್ಕ ಹಾಕಿ, ಬಸ್ಸು ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಹೇಳ್ತೀವಿ.”

ನೂರು ಜನ! ನನಗೆ ಅಮಲೇರಿತು.

“ಬಸ್ಸು ಬೇಗ ಹೋಗುತ್ತೆ, ರೈಲು ನಿಧಾನ. ಯಾವುದ್ರಲ್ಲಿ ಹೋಗ್ತೀರ?”

“ರೈಲು! ಆರತಿ ಎತ್ತಿ ಕರೆದ್ರೂ ಬಸ್ ಹತ್ತಲ್ಲ ನಾವು,” ಎಂದೆ. ರೈಲ್ವೆ ಸ್ಟೇಷನ್ ದೊಡ್ಡ ರಸ್ತೆಗಿಂತಲೂ ದೂರ, ನಾನು ಜನ್ಮದಲ್ಲಿ ಆ ರೈಲು ಹತ್ತಿದವನಲ್ಲ. ಉಳಿದ ಮೂವರಿಗೆ ಕಣ್ಣು ಹೊಡೆದೆ. ಅವರೂ “ರೈಲೇ, ರೈಲೇ” ಎಂದರು. ಬೇರೆಯವರು ಹೊಲಕ್ಕೆ ಹೋಗಿದ್ದರು. ಹುಡುಗಿ ಅಷ್ಟನ್ನೇ ಬರೆದುಕೊಂಡು ಹೊರಟಳು. ನಾವು ಕೆಮ್ಮು ಬರುವಷ್ಟು ನಕ್ಕೆವು.

ಯುಗಾದಿ ಕಳೆದ ಮೇಲೆ ಬಸ್ಸು ಊರೊಳಗೆ ಬರುವುದು ನಿಂತಿತು. ದೊಡ್ಡ ರಸ್ತೆಗೆ ನಡೆದುಹೋಗಿ ಕಂಡಕ್ಟರನ್ನು ಕೇಳಿದೆ.

“ನಿಮ್ಮೂರೋರೆಲ್ಲ ರೈಲಿಗೆ ಹೋಗ್ತಾರಂತಲ್ಲ ತಾತ! ಸರ್ವೇಲಿ ಬಂದೈತಂತೆ.”

ನನ್ನ ಕಾಲು ಗಟ್ಟಿಯಿದೆ, ನಾನು ನಡೆಯಬಲ್ಲೆ. ತೀರಿಕೊಂಡ ನನ್ನ ಗೆಳೆಯನ ಹೆಂಡತಿ ಕೃಷ್ಣಮ್ಮ ನಡೆಯಲಾರಳು. ವಾರಕ್ಕೆ ಮೂರು ಸಲ ಅದೇ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. ಕಾಲು ಊದಿ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ. ಯಾರದಾದರೂ ಬೈಕು ಸಿಕ್ಕಿದ ದಿನ ಹೋದಳು, ಸಿಗದ ದಿನ ಜಗಲಿ ಮೇಲೆ ಕೂತಳು. ಮೂರು ಸಲ ಎರಡಾಯಿತು, ಎರಡು ಒಂದಾಯಿತು.

ಬಸ್ ಡಿಪೋ ಆಫೀಸಿಗೆ ಹೋಗಿ, ಬಸ್ಸು ಬೇಕು, ಆವತ್ತು ಹೇಳಿದ್ದು ಸುಳ್ಳು ಎಂದೆ. “ನೀವೊಬ್ರೇನಾ ಬಂದಿರೋದು?” ಎಂದರು. ಹೌದು, ಒಬ್ಬನೇ.

ಕೊನೆಗೆ ಕೃಷ್ಣಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ನಕ್ಕುಬಿಟ್ಟಳು. “ಹೋಗಣ್ಣ, ನಿಮ್ ಮಾತು ನಿಮ್ ಹೆಂಡ್ತೀನೇ ಕೇಳಲ್ಲ, ಬಸ್ಸಿನೋರು ಕೇಳ್ತಾರಾ?”

ಆಷಾಢ ಮುಗಿಯುವ ಮೊದಲೇ ತೀರಿಕೊಂಡಳು. ಈಗ ಯಾರು ಏನು ಕೇಳಿದರೂ, ಟೈಮೆಷ್ಟು ಎಂದು ಕೇಳಿದರೂ, ಗಡಿಯಾರವನ್ನು ಎರಡು ಸಲ ನೋಡಿ ಹೇಳುತ್ತೇನೆ.

ಇದರಲ್ಲಿ ಒಂದೇ ಒಂದು ನಾನು ಕಟ್ಟಿದ್ದು. ಕೃಷ್ಣಮ್ಮ ನಗಲಿಲ್ಲ, ನಗಲು ನಾನು ಹೇಳಿದ್ದರೆ ತಾನೇ? ಹೇಳಬೇಕೆಂದೇ ಹೋಗಿದ್ದೆ. ಕಾಫಿ ಕೊಟ್ಟಳು. ಕುಡಿದು ಎದ್ದು ಬಂದೆ.