ಹತ್ತು ನಿಮಿಷದ ಸಾರ್

ಅವರ ಬಲಗೈಯ ತೋರುಬೆರಳು ಸುಮ್ಮನಿದ್ದದ್ದನ್ನು ನಾನು ಎಂದೂ ನೋಡಿಲ್ಲ. ಯಾರಾದರೂ ಮಾತಾಡಲು ಬಾಯಿ ತೆರೆದರೆ ಸಾಕು, ಅದು ಮಂಡಿಯ ಮೇಲೆ ಗೀಚಲು ಶುರು ಮಾಡುತ್ತಿತ್ತು. ಒಂದು ಕೊಂಕು, ಅರ್ಧ ಗೆರೆ, ಚುಕ್ಕಿ, ಮತ್ತೆ ಕೊಂಕು. ನಡುಬೆರಳಿನ ಪಕ್ಕದಲ್ಲಿ ಪೆನ್ಸಿಲು ಒತ್ತಿ ಒತ್ತಿ ಆದ ಗಂಟೊಂದಿತ್ತು, ಹುಣಸೆಬೀಜದಷ್ಟು ಗಟ್ಟಿ. ಮೊದಲ ಸಲ ನೋಡಿದಾಗ ಇದೇನೋ ನರದ ಕಾಯಿಲೆ ಇರಬೇಕೆಂದು ಡಾಕ್ಟರೊಬ್ಬರ ವಿಳಾಸ ಹೇಳಲು ಹೋಗಿದ್ದೆ.

"ಕಾಯಿಲೆ ಅಲ್ಲಮ್ಮ, ನೌಕರಿ," ಎಂದು ನಕ್ಕರು. "ನೀವು ಈಗ ಹೇಳಿದ್ದಷ್ಟೂ ಬರ್ಕೊಂಡಿದ್ದೀನಿ."

ಜೆ.ಪಿ. ನಗರದಲ್ಲಿ, ಕೆರೆಯ ಕಡೆಗೆ ಇಳಿಯುವ ಅಡ್ಡರಸ್ತೆಯ ಕೊನೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಬಾಡಿಗೆಯದಲ್ಲ, ಸ್ವಂತದ್ದು. ಅಮ್ಮನ ಬಳೆ, ನನ್ನ ಸರ ಎರಡನ್ನೂ ಮಾರಿ ಕೊಂಡದ್ದು. ಹಾಗಾಗಿ ಅದರ ವಿಷಯಕ್ಕೆ ಯಾರು ಬಂದರೂ ನನಗೆ ಮೂಗಿನ ತುದಿಯಲ್ಲೇ ಕೋಪ. ಹಿಂದಿನ ಕ್ರಾಸಿನಲ್ಲಿ ಮಗಳ ಮನೆಯಲ್ಲಿದ್ದ ಅವರು ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂರುತ್ತಿದ್ದರು. ಸರಿಯಾಗಿ ಹತ್ತು ನಿಮಿಷ. ಆಮೇಲೆ ಎದ್ದು, ರಸ್ತೆಯಾಚೆಯ ಹೊಂಗೆ ಮರದವರೆಗೆ ಹೋಗಿ, ಅದಕ್ಕೊಂದು ಸುತ್ತು ಹಾಕಿ, ಮತ್ತೆ ಬಂದು ಕೂರುತ್ತಿದ್ದರು. ಬೀದಿಯವರೆಲ್ಲ ಅವರಿಗೆ ಇಟ್ಟ ಹೆಸರು ಹತ್ತು ನಿಮಿಷದ ಸಾರ್.

ಅವರು ವಿಧಾನಸಭೆಯಲ್ಲಿ ವರದಿಗಾರರಾಗಿದ್ದವರು. ಪತ್ರಿಕೆಯ ವರದಿಗಾರರಲ್ಲ. ಸಭಾಧ್ಯಕ್ಷರ ಪೀಠದ ಮುಂದಿನ ಮೇಜಿನಲ್ಲಿ ತಲೆ ತಗ್ಗಿಸಿ ಕೂತು, ಸದನದಲ್ಲಿ ಬಿದ್ದ ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ಹಿಡಿಯುತ್ತಾರಲ್ಲ, ಅವರು. ಒಬ್ಬೊಬ್ಬರ ಸರದಿ ಹತ್ತೇ ನಿಮಿಷ. ಅಷ್ಟರಲ್ಲಿ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ, ಇವರು ಎದ್ದು ಹೋಗಿ ತಾವು ಬರೆದದ್ದನ್ನು ಬಿಡಿಸಿ ಟೈಪು ಮಾಡುತ್ತಾರೆ. ಇಡೀ ನೌಕರಿ ಹೀಗೇ ಕಳೆದಿದ್ದರಿಂದ ಮನುಷ್ಯ ಒಂದು ಚರ್ಚೆಯನ್ನೂ ಕೊನೆಯವರೆಗೆ ಕೇಳಿದವರಲ್ಲ. ಬೇಸಿಗೆಯ ಕರೆಂಟು ಕಡಿತ, ಪಂಪ್‌ಸೆಟ್ಟಿನ ವಿದ್ಯುತ್ತು, ಗಾಳಿಯಂತ್ರ, ಸೋಲಾರು, ಮರ ಕಡಿಯುವ ಕಾಯ್ದೆ, ಎಲ್ಲದರ ಬಗ್ಗೆಯೂ ಭಾರೀ ಉತ್ಸಾಹದಿಂದ ಶುರು ಮಾಡುತ್ತಿದ್ದರು.

"ಕೊನೆಗೆ ಏನಾಯ್ತು ಸಾರ್?" ಎಂದರೆ, "ಗೊತ್ತಿಲ್ಲಮ್ಮ, ನಾನು ಎದ್ದು ಬಂದೆ," ಎಂದು ಕೈ ಝಾಡಿಸುತ್ತಿದ್ದರು.

ನಿವೃತ್ತಿಯಾದರೂ ಆ ಗಡಿಯಾರ ಅವರನ್ನು ಬಿಟ್ಟಿರಲಿಲ್ಲ. ಅವರ ಮಗಳು ನನ್ನ ಮುಂದೆ ಗೋಳಾಡುತ್ತಿದ್ದಳು. "ಸಿನಿಮಾಗೆ ಕರ್ಕೊಂಡು ಹೋದ್ರೆ ಇಡೀ ಸಾಲಿನವರ ಕಾಲು ತುಳೀತಾರೆ ಕಣ್ರೀ. ನನ್ ಮದ್ವೇಲಿ ಧಾರೆ ಎರೆಯೋ ಹೊತ್ತಿಗೆ ಎದ್ದು ಹೋಗಿದ್ರು!"

ಅಧಿವೇಶನ ಶುರುವಾದರೆ ಅವರಿಗೆ ಹಬ್ಬ. ಹಳೆಯ ಸಹೋದ್ಯೋಗಿಗಳಿಂದ ಮಸೂದೆಗಳ ಪ್ರತಿ ತರಿಸಿ ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತಿದ್ದರು. ಮಸೂದೆ ಓದುವುದನ್ನು ನನಗೆ ಕಲಿಸಿದವರೂ ಅವರೇ. "ಹಿಂದಿನಿಂದ ಓದ್ಬೇಕಮ್ಮ. ಏನ್ ಮಾಡ್ತೀವಿ ಅನ್ನೋದು ಮುಂದೆ ಇರುತ್ತೆ. ಯಾಕೆ ಅನ್ನೋದು ಕೊನೇ ಪುಟದಲ್ಲಿರುತ್ತೆ. ಯಾಕೆ ಅಂತ ಗೊತ್ತಾಗದೆ ಏನು ಅಂತ ಓದಿ ಏನ್ ಪ್ರಯೋಜನ?" ಎನ್ನುತ್ತಿದ್ದರು. ಗಿರಾಕಿಗಳು ಆಧಾರ್ ಕಾರ್ಡು ಹಿಡಿದು ನಿಂತಿರುವಾಗ ಈ ಪಾಠ ಕೇಳುವಷ್ಟು ತಾಳ್ಮೆ ನನಗೆಲ್ಲಿಯದು? "ಸಾರ್, ಪಕ್ಕಕ್ಕೆ ಬನ್ನಿ," ಎಂದು ಗದರುತ್ತಿದ್ದೆ. ಆದರೂ ಕಿವಿಗೆ ಬಿದ್ದದ್ದು ಉಳಿಯಿತು.

ಆ ವರ್ಷದ ಮಳೆಗಾಲದ ಅಧಿವೇಶನದಲ್ಲಿ ಕೆರೆಗಳ ಬಫರ್ ಕಡಿಮೆ ಮಾಡುವ ಮಸೂದೆ ಬರುತ್ತದೆಂದು ಸುದ್ದಿಯಾಯಿತು. ಬಫರ್ ಎಂದರೆ ಕೆರೆಯಂಚಿನಿಂದ ಇಂತಿಷ್ಟು ದೂರ ಏನನ್ನೂ ಕಟ್ಟಬಾರದೆಂದು ಬಿಟ್ಟ ಜಾಗ. ನಮ್ಮ ಕೆರೆಯ ಆ ಜಾಗದಲ್ಲಿ ಹೊಂಗೆಗಳಿವೆ, ನಾವು ವಾಕಿಂಗ್ ಹೋಗುವ ಕಾಲುದಾರಿಯಿದೆ, ಮಳೆ ಬಂದರೆ ನೀರು ಹರಡಿಕೊಳ್ಳುವುದೂ ಅಲ್ಲೇ. ಅದರಾಚೆ ಯಾರೋ ಆಗಲೇ ತಗಡಿನ ಬೇಲಿ ಹಾಕಿಕೊಂಡು ಕಟ್ಟಡ ಎಬ್ಬಿಸಲು ಕಾಯುತ್ತಿದ್ದರು. ಹಿಂದಿನ ಮಳೆಗೆ ನನ್ನ ಅಂಗಡಿಯೊಳಗೆ ಮಂಡಿಯುದ್ದ ನೀರು ನುಗ್ಗಿ ಜೆರಾಕ್ಸ್ ಮೆಷಿನ್ನು ಕೆಟ್ಟು ಕೂತಿತ್ತು. ಇರುವ ಬಫರೂ ಹೋದರೆ ನನ್ನ ಗತಿಯೇನು? ಬೀದಿಯ ಆಕ್ಷೇಪಣಾ ಪತ್ರವನ್ನು ನಾನೇ ಟೈಪು ಮಾಡಿದೆ, ಮನೆಮನೆಗೆ ಅಲೆದು ಸಹಿಯನ್ನೂ ಹಾಕಿಸಿದೆ.

ಎಲ್ಲರಿಗಿಂತ ಮೊದಲು ಸಹಿ ಹಾಕಬೇಕಾಗಿದ್ದ ಸಾರ್ ಮಾತ್ರ ಹಾಕಲಿಲ್ಲ. ಬಂದು ಎರಡೇ ನಿಮಿಷ ಕೂತು, ಎದ್ದು ಹೋಗುತ್ತಿದ್ದರು. ಮರಕ್ಕೆ ಸುತ್ತು ಬರುತ್ತಿದ್ದರು, ಕೂರುತ್ತಿರಲಿಲ್ಲ. ನನಗೂ ತಲೆ ಕೆಟ್ಟುಹೋಯಿತು. ಒಂದು ಮಧ್ಯಾಹ್ನ ಪತ್ರವನ್ನು ಅವರ ಮುಂದೆ ಹಿಡಿದು, "ಸಹಿ ಹಾಕೋಕೆ ಇಷ್ಟ ಇಲ್ದಿದ್ರೆ ಹೇಳ್ಬಿಡಿ ಸಾರ್," ಎಂದೆ.

ಆಗ ಹೇಳಿದರು. ಬಹಳ ವರ್ಷಗಳ ಹಿಂದೆ ಕೆರೆಗಳ ಮೇಲೆ ಒಂದು ಚರ್ಚೆ ನಡೆದಿತ್ತಂತೆ. ಇವರ ಸರದಿಯ ಕೊನೆಯಲ್ಲಿ ಗಲಾಟೆಯೋ ಗಲಾಟೆ. ಅದರ ನಡುವೆ ಒಬ್ಬ ಸದಸ್ಯರು ಈ ಭಾಗದ ಕೆರೆಗಳ ಬಗ್ಗೆ ಕೇಳಿದರು. ಸಚಿವರು ಎದ್ದು, ಅಳತೆ ಮಾಡಿಸಿ ಗಡಿಕಲ್ಲು ನೆಡಿಸುತ್ತೇನೆ ಎಂದರು. ಮುಂದಿನ ವರದಿಗಾರರ ಪೆನ್ಸಿಲು ಓಡಲು ಶುರುವಾಗುವವರೆಗೆ ಹಿಂದಿನವರು ಏಳಬಾರದು ಎಂಬುದು ಆ ಮೇಜಿನ ಪದ್ಧತಿ. ಇವರು ಎದ್ದುಬಿಟ್ಟಿದ್ದರು. ಮುಂದಿನವರು ಇನ್ನೂ ಪುಟ ಮಗುಚುತ್ತಿದ್ದರು. ಸಚಿವರ ಮಾತು ಇಬ್ಬರ ನಡುವೆ ಬಿದ್ದುಹೋಯಿತು.

"ಕಿವಿಗೆ ಬಿತ್ತಮ್ಮ. ಬಾಗಿಲ ಹತ್ರ ಇದ್ದೆ. ಆದ್ರೆ ನೋಟಿನಲ್ಲಿ ಇಲ್ದಿದ್ದು ಸೇರಿಸೋ ಹಾಗಿಲ್ಲ. ಸಚಿವರು ಕೊಟ್ಟ ಮಾತು ಆಗಿದ್ಯಾ ಇಲ್ವಾ ಅಂತ ಕೇಳೋಕೆ ಭರವಸೆಗಳ ಸಮಿತಿ ಅಂತ ಒಂದಿದೆ. ಅವ್ರು ನೋಡೋದು ಅಚ್ಚಾಗಿದ್ದನ್ನ. ಅಚ್ಚಾಗಿಲ್ಲ ಅಂದ್ಮೇಲೆ ಕೇಳೋರು ಯಾರು? ಕಲ್ಲು ಬೀಳ್ಲೇ ಇಲ್ಲ."

"ಯಾಕೆ ಸಾರ್ ಎದ್ರಿ?"

ಬೆರಳು ಮಂಡಿಯ ಮೇಲೆ ಒಂದೇ ಸಮನೆ ಓಡುತ್ತಿತ್ತು. "ಅವತ್ತು ಕ್ಯಾಂಟೀನಲ್ಲಿ ಮದ್ದೂರು ವಡೆ. ತಡ ಆದ್ರೆ ಮುಗ್ದೋಗ್ತಿತ್ತು."

ಅವರೇ ಮುಂದುವರಿಸಿದರು. "ಅವತ್ತೇ ಕಲ್ಲು ಬಿದ್ದಿದ್ರೆ ಈ ಅಂಗಡಿನ ನಿಮಗೆ ಯಾರೂ ಮಾರ್ತಿರ್ಲಿಲ್ಲ ಅನ್ಸುತ್ತೆ. ಇದು ಕೆರೆ ಜಾಗದೊಳಗೇ ಇರ್ಬೇಕು."

ಸಿಟ್ಟು ಬಂತು ನೋಡಿ! ಗಿರಾಕಿಗಳಿದ್ದಾರೆಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಅಂದೆ. ಒಂದು ವಡೆಗೆ ಸಾರ್? ನಮ್ಮಮ್ಮನ ಬಳೆ ಹೋಗಿದ್ದು ನಿಮ್ಮ ಒಂದು ವಡೆಗಾ? ಅವರು ಬೈಸಿಕೊಳ್ಳುತ್ತ ಕೂತರು. ಆಗಲೂ ಆ ಬೆರಳು ನಾನು ಬೈದದ್ದನ್ನೆಲ್ಲ ಬರೆದುಕೊಳ್ಳುತ್ತಿತ್ತು.

ಒಂದು ವಾರ ಬರಲಿಲ್ಲ. ಹನ್ನೊಂದಾದರೆ ನಾನು ಹೊಂಗೆ ಮರದ ಕಡೆ ನೋಡುತ್ತಿದ್ದೆ, ನೋಡಿದ್ದಕ್ಕೆ ನನ್ನ ಮೇಲೇ ಸಿಡುಕುತ್ತಿದ್ದೆ. ಎಂಟನೆಯ ದಿನ ಬಂದವರು ಒಂದು ಹಾಳೆ ಮುಂದಿಟ್ಟರು. ನಮ್ಮ ಭಾಗದ ಶಾಸಕರಿಗೆ ಕೊಡಲು ಬರೆದ ಒಂದೇ ಪ್ರಶ್ನೆ: ಈ ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡಿಸುವಿರಾ?

"ಮಸೂದೆ ಪಾಸ್ ಆಗೇ ಆಗುತ್ತೆ, ತಡೆಯೋಕೆ ನಮ್ಮಿಂದ ಆಗಲ್ಲ. ಬಫರ್ ಚಿಕ್ಕದಾದ್ರೂ ಗಡಿಕಲ್ಲು ಅಂತ ಇದ್ರೆ ಅಷ್ಟಾದ್ರೂ ಉಳ್ಯುತ್ತೆ. ಕಲ್ಲು ಬಿದ್ರೆ ನಿಮ್ಮ ಅಂಗಡಿ ಹೋಗ್ಬಹುದು. ನೀವು ಬೇಡ ಅಂದ್ರೆ ಇಲ್ಲೇ ಹರ್ದು ಹಾಕ್ತೀನಿ," ಎಂದರು. "ಟೈಪ್ ಮಾಡೋರು ನೀವೇ."

ಎರಡು ದಿನ ಆ ಹಾಳೆ ಮೆಷಿನ್ನಿನ ಪಕ್ಕದಲ್ಲೇ ಬಿದ್ದಿತ್ತು. ಒಂದು ಸಲ ಹರಿಯಲೆಂದು ಕೈಗೆ ತೆಗೆದುಕೊಂಡದ್ದೂ ನಿಜ, ಇಲ್ಲವೆಂದು ಯಾಕೆ ಹೇಳಲಿ? ಮೂರನೆಯ ದಿನ ಸಂಜೆ ಜೋರು ಮಳೆ. ನೀರು ಮೆಟ್ಟಿಲು ಹತ್ತುತ್ತಿರುವುದನ್ನು ನೋಡುತ್ತ ನಿಂತೆ. ಎದುರು ಬೀದಿಯ ತಗ್ಗಿನ ಮನೆಯಾಕೆ ಹಾಸಿಗೆ ಹೊತ್ತುಕೊಂಡು ಮಹಡಿಗೆ ಓಡುತ್ತಿದ್ದಳು. ಕೆರೆಗೆ ಹೋಗಬೇಕಾದ ನೀರಿಗೆ ಅಡ್ಡ ನಿಂತವರಲ್ಲಿ ನಾನೂ ಒಬ್ಬಳು ಎಂಬುದು ಅವತ್ತು ಕಣ್ಣಿಗೆ ಕಂಡಿತು. ಮಳೆ ನಿಂತ ಮೇಲೆ ಕೂತು ಟೈಪು ಮಾಡಿದೆ.

ಮಸೂದೆ ಬಂದ ದಿನ ಶಾಸಕರ ಆಫೀಸಿನಿಂದ ಪಾಸು ಪಡೆದು ಇಬ್ಬರೂ ಮೆಟ್ರೋ ಹತ್ತಿ ವಿಧಾನಸೌಧಕ್ಕೆ ಹೋದೆವು. ಮೆಟ್ರೋದಲ್ಲೇ ಅವರು ನಾಲ್ಕು ಸಲ ಸೀಟು ಬದಲಾಯಿಸಿದರು. ಪೆನ್ನು, ಫೋನು ಎಲ್ಲವನ್ನೂ ಹೊರಗೇ ಇಡಬೇಕು. ಗ್ಯಾಲರಿಯಲ್ಲಿ ಕೂತ ಕೂಡಲೇ ನಾನು ಕಾಲು ಪಕ್ಕಕ್ಕೆ ಸರಿಸಿಕೊಂಡೆ, ಇನ್ನು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರಲ್ಲ ಎಂದು. ಹತ್ತು ನಿಮಿಷ ಆಯಿತು, ಅರ್ಧ ಗಂಟೆಯೂ ಆಯಿತು. ಎರಡು ಗಂಟೆ ಅವರು ಅಲುಗಲಿಲ್ಲ. ಕಣ್ಣು ಮಾತ್ರ ಕೆಳಗಿನ ಮೇಜಿನ ಮೇಲೆ.

ನಮ್ಮ ಶಾಸಕರು ಪ್ರಶ್ನೆ ಕೇಳಿದಾಗ ಅರ್ಧ ಸದನ ಎದ್ದು ನಿಂತು ಕೂಗುತ್ತಿತ್ತು. ಅದೇ ಹೊತ್ತಿಗೆ ಕೆಳಗೆ ವರದಿಗಾರರ ಸರದಿ ಬದಲಾಗುತ್ತಿತ್ತು. ಬರೆಯುತ್ತಿದ್ದ ಹುಡುಗಿ ಅರ್ಧ ಎದ್ದಳು, ಬಂದವನು ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿದ್ದ. ಸಾರ್ ಕಟಕಟೆಯನ್ನು ಹಿಡಿದು ಮುಂದಕ್ಕೆ ಬಾಗಿದರು. "ಕೂತ್ಕೋ ಮಗಳೇ," ಎಂದರು, ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ. ಸಚಿವರು, "ಅಳತೆ ಮಾಡಿಸಿ ಕಲ್ಲು ನೆಡಿಸ್ತೀನಿ, ಕೂತ್ಕೊಳ್ರೀ," ಎಂದರು. ಹುಡುಗಿ ಕೂತಳು. ಬರೆದಳೋ ಇಲ್ಲವೋ ಮೇಲಿನಿಂದ ಕಾಣಲಿಲ್ಲ. ಹೌದು ಹೌದು ಎಂಬ ಕೂಗಿನಲ್ಲಿ ಮಸೂದೆ ಪಾಸಾಯಿತು.

ಕಲಾಪದ ಪ್ರತಿ ಹೊರಬರುವವರೆಗಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಸುಸ್ತಾಗುತ್ತದೆ. ಸಾರ್ ಮರಕ್ಕೆ ಸುತ್ತಿ ಸುತ್ತಿ ಬುಡದಲ್ಲಿ ಹುಲ್ಲು ಉಳಿಯಲಿಲ್ಲ. ಬಂದ ದಿನ ಇಡೀ ಕಟ್ಟು ಪ್ರಿಂಟು ತೆಗೆದು ಅವರ ಮನೆಗೇ ಓಡಿದೆ. ಕನ್ನಡಕ ಹಾಕಿಕೊಂಡು ಕೊನೆಯ ಪುಟದಿಂದ ಹಿಂದಕ್ಕೆ ಮಗುಚುತ್ತ ಹೋದರು. ಒಂದು ಕಡೆ ನಿಂತರು.

"ಇದೆ," ಎಂದರು. ಆ ಸಾಲಿನ ಕೆಳಗೆ ಬೆರಳಿಟ್ಟು, "ಕೂತ್ಕೊಳ್ರೀ ಅನ್ನೋದನ್ನೂ ಬಿಟ್ಟಿಲ್ಲ ಆ ಹುಡ್ಗಿ," ಎಂದು ಕಣ್ಣು ಒರೆಸಿಕೊಂಡರು.

ಕಾರ್ತಿಕದಲ್ಲಿ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು, ಪೇಪರು ಓದುತ್ತ ಓದುತ್ತ. ಮಗಳು ಫೋನು ಮಾಡಿದಾಗ ನಾನು ಯಾರದೋ ಬಾಡಿಗೆ ಕರಾರು ಟೈಪು ಮಾಡುತ್ತಿದ್ದೆ. ಎರಡು ಸಾಲು ಹಾಗೇ ತಪ್ಪಾಗಿ ಹೋಯಿತು. ಅವರನ್ನು ಅಷ್ಟು ಜನರ ಮುಂದೆ ಬೈದದ್ದಕ್ಕೆ ಕ್ಷಮೆ ಕೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸರ್ವೆಯವರು ಬಂದರು. ಕೆರೆಯ ಸುತ್ತ ಎರಡು ದಿನ ಅಳೆದು, ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ಒಂದೊಂದಾಗಿ ನೆಡುತ್ತ ಬಂದರು. ಕೊನೆಯ ಕಲ್ಲಿನ ಗುರುತು ಬಿದ್ದದ್ದು ನನ್ನ ಮೆಟ್ಟಿಲ ಮುಂದೆ, ರಸ್ತೆಯ ಕಡೆಗೆ. ಬಫರ್ ಚಿಕ್ಕದಾದ ಮೇಲೂ ನನ್ನ ಇಡೀ ಅಂಗಡಿ ಕೆರೆಯ ಕಡೆಗೇ ಉಳಿಯಿತು. ಸರ್ವೆಯರು ಬೋರ್ಡು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಟೇಪು ಸುತ್ತಿಕೊಂಡರು.

"ಮೇಡಂ, ನಾವು ಟೀ ಕುಡ್ದು ಹಾಗೇ ಹೊರಡ್ತೀವಿ. ಇದೊಂದನ್ನ ಇನ್ನೊಂದಿನ ನೋಡೋಣ ಬಿಡಿ."

ಒಳ್ಳೆಯ ಮನುಷ್ಯ. ಪಾಪ ಎನಿಸಿ ಹೇಳಿದರು. ಆ ಇನ್ನೊಂದು ದಿನ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೂಲಿಯವರು ಹಾರೆ ಹೆಗಲಿಗೆ ಹಾಕಿಕೊಂಡಾಗಿತ್ತು. ನಾನು ಹೂಂ ಎಂದರೆ ಸಾಕಿತ್ತು, ಹೂಂ ಎನ್ನಲೂ ಬೇಕಿರಲಿಲ್ಲ, ಸುಮ್ಮನಿದ್ದರೂ ಸಾಕಿತ್ತು. ಅಮ್ಮನ ಖಾಲಿ ಕೈ ಕಣ್ಣ ಮುಂದೆ ಬಂತು.

ಒಳಗೆ ಹೋಗಿ ಸಾರ್ ಕೂರುತ್ತಿದ್ದ ಸ್ಟೂಲನ್ನು ತಂದು ಆ ಗುರುತಿನ ಪಕ್ಕದಲ್ಲಿ ಹಾಕಿಕೊಂಡು ಕೂತೆ.

"ಟೀ ಇಲ್ಲಿಗೇ ತರಿಸ್ತೀನಿ," ಎಂದೆ. "ವಡೆನೂ ತರಿಸ್ತೀನಿ. ಕಲ್ಲು ನೆಡೋವರೆಗೂ ಯಾರೂ ಹೋಗೋ ಹಾಗಿಲ್ಲ."

ಮಣ್ಣು ಗಟ್ಟಿಯಿತ್ತು, ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಏಳಲಿಲ್ಲ.