ಪೊಲೀಸರಿಗೆ ಪಿಳ್ಳಮ್ಮ ಹೇಳಿದ ಸುಳ್ಳು

ಪೊಲೀಸರು ಬಾಗಿಲಿಗೆ ಬಂದು ಯಾರನ್ನು ಕೇಳಿದರೂ ‘ಇಲ್ಲ’ ಅನ್ನಬೇಕು. ಕಾಡುಗೋಡಿಯ ಪಿಳ್ಳಮ್ಮ ಅತ್ತೆಮನೆಯಲ್ಲಿ ಕಲಿತ ಮೊದಲ ಪಾಠ ಇದು. ಅವಳತ್ತೆ ಹೀಗೆ ಅಂದೇ ತನ್ನ ಮೈದುನನನ್ನು ರಾಗಿ ಕಣಜದಲ್ಲಿ ಬಚ್ಚಿಟ್ಟು ಉಳಿಸಿದ್ದಳಂತೆ. ಆಮೇಲೆ ರಾಗಿ ಹೊಲ ಹೋಗಿ ಬಾಡಿಗೆ ರೂಮುಗಳೆದ್ದವು. ಪಾಠ ಮಾತ್ರ ಹೋಗಲಿಲ್ಲ.

ಮಹಡಿಯ ರೂಮಿಗೆ ಉಗಾಂಡಾದ ಗ್ರೇಸ್ ಬಂದಳು, ನರ್ಸಿಂಗ್ ಓದುವ ಹುಡುಗಿ. ‘ಇವಳಿಗ್ಯಾಕೆ ಕೊಟ್ಟೆ’ ಎಂದು ಬೀದಿಯವರೆಲ್ಲ ಮೂಗು ಮುರಿದರು. ಪಿಳ್ಳಮ್ಮ ಮಂಡಿನೋವಿನಿಂದ ಮೂಲೆ ಹಿಡಿದಾಗ ಕೂತು ಶಾಖ ಕೊಟ್ಟವಳು ಗ್ರೇಸ್; ಮೂಗು ಮುರಿದವರು ಇತ್ತ ತಲೆಯನ್ನೂ ಹಾಕಲಿಲ್ಲ. ಮಕ್ಕಳಿಲ್ಲದ ವಿಧವೆಗೆ ಅವಳು ಗ್ರೇಸಮ್ಮನಾದಳು.

2013ರಲ್ಲಿ ಅವಳ ಕಾಲೇಜು ಮಾನ್ಯತೆ ಕಳೆದುಕೊಂಡಿತು. ಜೊತೆಗೇ ವೀಸಾ ಹೋಗಿ, ದೇಶ ಬಿಡಬೇಕೆಂಬ ಆದೇಶ ಬಂತು. ಓದಿಗೆ ಉಳಿದಿದ್ದು ಕೊನೆಯ ಪರೀಕ್ಷೆಯೊಂದೇ. ಬೇರೊಂದು ಕಾಲೇಜು ಸೇರಿಸಿಕೊಳ್ಳಲು ಒಪ್ಪಿಯೂ ಇತ್ತು. ಅವಳ ವಕೀಲೆ ಶಶಿಕಲಾ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ತಡೆಯಾಜ್ಞೆ ತಂದರು. ತೀರ್ಪು ಬರುವ ತನಕ ಹುಡುಗಿ ಇದೇ ಮನೆಯಲ್ಲಿ ಇರಬೇಕು ಎಂದು ನ್ಯಾಯಾಧೀಶರು ಷರತ್ತು ಹಾಕಿದರು. ಅದನ್ನು ಪಿಳ್ಳಮ್ಮನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಓದು ಬಾರದ ಮುದುಕಿಗೆ ಕೋರ್ಟಿನ ಮಾತೇಕೆ ಅಂದುಕೊಂಡರೋ ಏನೋ!

ಒಂದು ಮಧ್ಯಾಹ್ನ, ಗ್ರೇಸ್ ಹೊರಗೆ ಹೋಗಿದ್ದಾಗ, ಇಬ್ಬರು ಪೊಲೀಸರು ಬಂದರು.

“ಆ ಫಾರಿನ್ ಹುಡುಗಿ ಇಲ್ಲೇ ಇದಾಳಾ ಅಜ್ಜಿ?”

“ಎಲ್ಲವಳೆ ಸಾಮಿ! ಗಂಟುಮೂಟೆ ಕಟ್ಕಂಡು ಒಂಟೋಗಿ ತಿಂಗ್ಳಾತು.”

ಸಂಜೆ ಗ್ರೇಸ್ ಬಂದ ಕೂಡಲೇ ಪಿಳ್ಳಮ್ಮ ತನ್ನ ಸಾಹಸವನ್ನು ಕೊಚ್ಚಿಕೊಂಡಳು. ಹುಡುಗಿಯ ಮುಖ ಬಾಡಿಹೋಯಿತು.

“ಅಜ್ಜಿ, ನಾನು ಇಲ್ಲೇ ಇದೀನಾ ಅಂತ ನೋಡೋಕೇ ಅವ್ರು ಬಂದಿದ್ದು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ತಲೆಮರೆಸಿಕೊಂಡಿದ್ದಾಳೆಂದು ಪೊಲೀಸರು ವರದಿ ಕೊಟ್ಟಾಗಿತ್ತು. ಶಶಿಕಲಾ ನಿಜ ಬರೆಸಿ, ಪಿಳ್ಳಮ್ಮನ ಹೆಬ್ಬೆಟ್ಟು ಒತ್ತಿಸಿ ಕೋರ್ಟಿಗೆ ಕೊಟ್ಟರು. ನ್ಯಾಯಾಧೀಶರು ಎರಡನ್ನೂ ಓದಿ, ಮನೆಯೊಡತಿಯೇ ದಿನಕ್ಕೊಂದು ಮಾತಾಡಿದರೆ ಯಾವುದನ್ನು ನಂಬುವುದು ಎಂದು ಕೇಳಿದರು. ತಡೆಯಾಜ್ಞೆ ತೆರವಾಯಿತು, ಅರ್ಜಿಯೂ ವಜಾ ಆಯಿತು.

“ಸುಳ್ಳಾಡಿದ್ದು ನಾನು ಸಾಮಿ, ಸಿಕ್ಸೆ ನಂಗ್ ಕೊಡಿ!” ಎಂದು ಕೋರ್ಟಿನಲ್ಲಿ ಹಿಂದೆ ನಿಂತಿದ್ದ ಪಿಳ್ಳಮ್ಮ ಕೂಗಿಕೊಂಡಳು. ಜವಾನ ರಟ್ಟೆ ಹಿಡಿದು ಹೊರಗೆ ಕರೆದೊಯ್ದ. ಅವಳಿಗೆ ಯಾವ ಶಿಕ್ಷೆಯೂ ಆಗಲಿಲ್ಲ.

ಹೊರಡುವ ದಿನ ಗ್ರೇಸ್ ಪೆಟ್ಟಿಗೆ ಇಳಿಸಿಕೊಂಡು ಬಂದಳು. ಪಿಳ್ಳಮ್ಮ ಅಡ್ಡ ನಿಂತಳು.

“ಬಯ್ಯವ್ವ ನನ್ನ. ನಿನ್ ಬಾಳು ಆಳ್ಮಾಡ್ಬುಟ್ಟೆ. ಒಂದ್ಸಲ ಬಯ್ದು ಓಗು.”

“ನನ್ನ ಉಳಿಸೋಕೆ ತಾನೇ ಅಜ್ಜಿ ಹೇಳಿದ್ದು?” ಎಂದು ಗ್ರೇಸ್ ಅವಳನ್ನು ತಬ್ಬಿ, ಕಣ್ಣೊರೆಸಿ, ಟ್ಯಾಕ್ಸಿ ಹತ್ತಿದಳು.

ಉಗಿದು ಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗದೆ ಪಿಳ್ಳಮ್ಮ ಬೀದಿಯಲ್ಲೇ ಕುಸಿದು ಕೂತಳು.