ಸಿಡಿಯ ಬೆನ್ನಿಗಂಟಿದ ಚೀಟಿ

ಬೀದಿಯ ಚಿಳ್ಳೆಪಿಳ್ಳೆಗಳಿಂದ ಹಿಡಿದು ಹಲ್ಲುದುರಿದವರವರೆಗೆ ಎಲ್ಲರಿಗೂ ಅವನು ಸಿಡಿ ಮಾವ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಬೇರೆಯೇ ಕೆಲಸ: ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು. ಆದರೆ ಸಂಜೆ ಮನೆಗೆ ಬಂದು ಕೈಕಾಲು ತೊಳೆದನೋ ಇಲ್ಲವೋ, ಕಂಪ್ಯೂಟರ್ ಮುಂದೆ ಪ್ರತಿಷ್ಠಾಪನೆಯಾಗಿಬಿಡುತ್ತಿದ್ದ. ಯಾರಿಗೆ ಯಾವ ಹಾಡು ಬೇಕೋ ಹುಡುಕಿ, ಸಾಲಾಗಿ ಜೋಡಿಸಿ, ಖಾಲಿ ಸಿಡಿಗೆ ಬರೆದು ಪುಕ್ಕಟೆ ಕೊಡುತ್ತಿದ್ದ. ತೆಗೆದುಕೊಂಡವರು ಉಪದೇಶವೊಂದನ್ನು ಕೇಳಿಸಿಕೊಳ್ಳಬೇಕಿತ್ತು, ಅಷ್ಟೇ.

"ಹೊಳೆಯೋ ಕಡೆ ಬೆರಳು ತಾಗಿಸ್ಬೇಡಿ. ಅಂಚು ಹಿಡ್ಕೊಳ್ಳಿ, ಅಂಚು! ಹಾಡೆಲ್ಲ ಇರೋದೇ ಆ ಹೊಳೆಯೋ ಕಡೆ."

ಗಾಜಿನ ಕೆಲಸದವನಲ್ಲವೇ, ಗೀರು ಎಂದರೆ ಅವನಿಗೆ ಮೈಯೆಲ್ಲ ಉರಿ. ಸಿಡಿಯೂ ಅವನ ಲೆಕ್ಕದಲ್ಲಿ ಕನ್ನಡಕದ ಗಾಜಿನ ತಮ್ಮನೇ. ಹೊಳೆಯುವ ಮೈ ಚೆನ್ನಾಗಿದ್ದರೆ ಸೈ, ಬೆನ್ನಿನ ಕಡೆ ಏನಾದರೇನು? ಅಲ್ಲಿ ಪೆನ್ನಿನಿಂದ ಗೀಚುತ್ತಿದ್ದ, ಚೀಟಿ ಅಂಟಿಸುತ್ತಿದ್ದ, ಮೈಮರೆತಾಗ ಚಹಾದ ಲೋಟವನ್ನೂ ಇಡುತ್ತಿದ್ದ. ಸಿಡಿ ಬರೆಯುತ್ತಿರುವಾಗ ಮಾತ್ರ ಮನೆಯಲ್ಲಿ ಯಾರೂ ಧಡಧಡ ನಡೆಯುವಂತಿರಲಿಲ್ಲ. ಹೆಂಡತಿ ಮಿಕ್ಸಿ ಹಾಕಿದರೂ ಸಿಡಿ ಕೆಡುತ್ತದೆಂದು ಗಟ್ಟಿಯಾಗಿ ನಂಬಿದ್ದ ಮಹಾನುಭಾವ.

ಆ ಹೆಂಡತಿ ಒಂದು ಕಾಲಕ್ಕೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುತ್ತಿದ್ದವಳು. ಬಸ್ಸು ತಪ್ಪಿಸಿಕೊಂಡವರೂ ನಿಂತು ಕೇಳುವಂಥ ದನಿ. ಮನೆಯಲ್ಲಿ ಇಸ್ತ್ರಿ ಮಾಡುತ್ತಾ ಹಾಡುವಳು. ಗಂಟಲಲ್ಲಿ ಗಂಟು ಕಂಡು, ಕೊಯ್ದು ತೆಗೆಯಬೇಕು, ದನಿ ಉಳಿಯುವ ಭರವಸೆ ಕೊಡಲಾಗದು ಎಂದು ಡಾಕ್ಟರು ಹೇಳಿದಾಗ, ಮಾವ ಮೈಕು ತಂದು ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಹಾಡಿಸಿದ್ದ. ಆಪರೇಷನ್ ಆಗಿ ಜೀವ ಉಳಿಯಿತು. ದನಿ ಹೋಗಿ ಒಣ ಎಲೆ ಉಜ್ಜಿದಂಥ ಪಿಸುದನಿಯೊಂದು ಉಳಿಯಿತು. ನಿಲ್ದಾಣದವರು ಅವಳನ್ನು ಪಾರ್ಸೆಲ್ ಕೋಣೆಗೆ ಹಾಕಿದರು. ಆಮೇಲೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೂಡ ಕೈಕೊಟ್ಟಿತು. ಹಾಡುಗಳು ಉಳಿದದ್ದು ಒಂದೇ ಒಂದು ಸಿಡಿಯಲ್ಲಿ. ಊರಿಗೆಲ್ಲ ನಕಲು ಮಾಡಿ ಹಂಚುವವನು ತನ್ನ ಮನೆಯದಕ್ಕೆ ನಾಳೆ, ನಾಡಿದ್ದು ಅನ್ನುತ್ತಲೇ ಇದ್ದ. ಇಂಥವರಿಗೆ ಏನು ಹೇಳೋಣ!

ಕೊನೆಗೆ ಒಂದು ರಜಾದಿನದ ಬೆಳಿಗ್ಗೆ ನಾದಿನಿ ಬಂದು ಪಟ್ಟು ಹಿಡಿದಳು.

"ಭಾವ, ಅಕ್ಕನ ಹಾಡು ನಂಗೂ ಒಂದು ಬರ್ಕೊಡಿ. ಇವತ್ತು ತಗೊಂಡೇ ಹೋಗೋದು."

ಮಾವ ಡಬ್ಬಿಯಿಂದ ಸಿಡಿ ತೆಗೆದ. ಬೆನ್ನಿಗೆ ಅಂಟಿಸಿದ್ದ ಚೀಟಿಯ ಒಂದು ಅಂಚು ಎದ್ದು ನಿಂತಿತ್ತು. ಹಾಗೇ ಹಾಕಿದರೆ ಒಳಗೆ ತಿರುಗುವಾಗ ಅದು ಸಿಕ್ಕಿಕೊಂಡು ಸಿಡಿ ಗೀರಿಹೋದರೆ? ಮೊದಲು ಇದನ್ನು ಕಿತ್ತು, ಆಮೇಲೆ ನಕಲು ಮಾಡೋಣ ಎಂದುಕೊಂಡ. ಹೊಳೆಯುವ ಮೈಗೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಹಾಸಿ, ಉಸಿರು ಬಿಗಿಹಿಡಿದು, ಉಗುರಿನಿಂದ ಚೀಟಿ ಎತ್ತಿ ಎಳೆದ.

ಚರ್ ಅಂತು.

ಚೀಟಿ ಬಂತು. ಚೀಟಿಯ ಅಂಟಿಗೆ ಕಚ್ಚಿಕೊಂಡು, ಸಿಡಿಯ ಬೆಳ್ಳಿಯಂಥ ಪೊರೆಯೂ ಬಂತು. ಮಾವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಸಿಡಿಯನ್ನು ಎತ್ತಿ ಹಿಡಿದು ನೋಡಿದ. ಅಂಚು ಹಿಡಿದೇ ಎತ್ತಿದ, ಪಾಪ. ಅದರ ಮೂಲಕ ಆಚೆ ಕುರ್ಚಿಯಲ್ಲಿ ಕೂತಿದ್ದ ನಾದಿನಿಯ ಮುಖ ಪೂರ್ತಿ ಕಂಡಿತು.

"ಭಾವ... ಅದ್ಯಾಕೆ ಗಾಜಿನ ಥರ ಆಯ್ತು?"

ಆಗ ಅವನಿಗೆ ಹೊಳೆಯಿತು. ಹಾಡು ಇದ್ದದ್ದು ಕೆಳಗಿನ ಮೈಯಲ್ಲಲ್ಲ, ಬೆನ್ನಿನಲ್ಲಿ. ಆ ತೆಳು ಪೊರೆಯಲ್ಲಿ! ಜನ್ಮವಿಡೀ ತಪ್ಪು ಕಡೆ ಕಾವಲು ಕೂತಿದ್ದ. ಹುಚ್ಚನ ಹಾಗೆ ಚೀಟಿಯನ್ನು ಮತ್ತೆ ಸಿಡಿಗೆ ಒತ್ತಿದ, ಒತ್ತಿದಷ್ಟೂ ಬೆಳ್ಳಿ ಪುಡಿಪುಡಿಯಾಗಿ ಬೆರಳಿಗೆ ಮೆತ್ತಿತು. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಮಾವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು.

"ಪೂರ್ತಿ ಹೋಯ್ತಾ?" ಪಿಸುದನಿಯಲ್ಲಿ ಕೇಳಿದಳು.

"ಹೂಂ. ನಾನೇ... ನನ್ನ ಕೈಯಾರೆ..."

"ಸದ್ಯ," ಎಂದು ಅವಳು ಮಂಚದ ತುದಿಯಲ್ಲಿ ಕೂತಳು.

"ಅಕ್ಕಾ! ಏನ್ ಮಾತಾಡ್ತಿದೀಯ?"

"ಇನ್ನೇನ್ ಹೇಳ್ಲಿ? ಮನೆಗೆ ಯಾರ್ ಬಂದ್ರೂ ಇವ್ರು ಅದನ್ನ ಹಾಕ್ತಾರೆ. ಕೇಳ್ದೋರೆಲ್ಲ ತಿರುಗಿ ನನ್ನ ನೋಡ್ತಾರೆ, ಸತ್ತೋರ ಫೋಟೋ ನೋಡೋ ಹಾಗೆ. ಆಮೇಲೆ ನಾನು ಬಾಯಿ ಬಿಡೋದಾದ್ರೂ ಹೇಗೆ?" ಉಸಿರು ಸಾಲದೆ ನಿಂತಳು. ಮತ್ತೆ ಗಂಡನ ಕಡೆ ತಿರುಗಿದಳು. "ನೀವೂ ಅಷ್ಟೇ. ಅದನ್ನ ಕೇಳ್ತಾ ಕಣ್ಮುಚ್ಕೊಂಡು ಕೂತಿರ್ತೀರ. ಒಳಗಿಂದ ನಾನು ಕರೀತಾನೇ ಇರ್ತೀನಿ, ನಿಮ್ಮ ಕಿವಿಗೇ ಬೀಳಲ್ಲ. ನಾನಿನ್ನೂ ಇದೀನಿ ರೀ."

ಸಿಡಿ ಹಾಳಾದಾಗಿನ ಆಘಾತ ಇದರ ಮುಂದೆ ಏನೂ ಅಲ್ಲ ಎನಿಸಿತು ಮಾವನಿಗೆ. ಆಪರೇಷನ್ ಆದಮೇಲೆ ಅವಳು ಇಷ್ಟು ಉದ್ದ ಮಾತಾಡಿದ್ದೇ ಅವನಿಗೆ ನೆನಪಿರಲಿಲ್ಲ. ಈ ದನಿಗೆ ಸಿಟ್ಟು ಬರುತ್ತದೆ, ಮಾತಿನ ತುದಿಯಲ್ಲಿ ಅದು ಚೂರು ಬಿರಿಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗಿದ್ದುಕೊಂಡು ಗೊತ್ತಿರಲಿಲ್ಲ! ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಸಿಡಿಯನ್ನು ಎಲ್ಲೆಂದರಲ್ಲಿ ಹಿಡಿದು ಪಕ್ಕಕ್ಕಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ, ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತ.

"ಇನ್ನೊಂದ್ಸಲ ಹೇಳು," ಎಂದ.

"ಏನನ್ನ?"

"ಏನಾದ್ರೂ. ಇನ್ನೂ ಬೈಯೋದಿದ್ರೆ ಬೈಯಿ."